ಸೆಟೆದುಕೊಂಡ ಕಾರ್ಪೆಟ್ಟು: ನಾಲ್ಕನೆಯ ಕಂತು

ಕಾಶೆವ್ವ ಅಕ್ಕೋರು ನೆಲದ ಮೇಲೆ ಬೋರಲು ಮಲಗಿ, ಕನ್ನಡಕವನ್ನು ಹಣೆಗೇರಿಸಿ, ಕಾರ್ಪೆಟ್ಟಿನ ಮೂಲೆಯನ್ನು ನಾಲಗೆಯ ತುದಿಯಿಂದ ನೆಕ್ಕಿ ನೋಡಿದರು.

"ಅಯ್ಯ ಅಕ್ಕೋರ, ಅದನ್ಯಾಕ ನೆಕ್ಕಾಕತ್ತೀರಿ?" ಎಂದಳು ಮನೆಯೊಡತಿ ದುಂಡವ್ವ.

"ಮಂದಿನ್ನ ಕೇಳಿದ್ರ ಸುಳ್ಳ ಹೇಳತಾರ. ನಾಲಿಗಿ ಹೇಳೂದಿಲ್ಲ."

ನನಗೆ ಆಶ್ಚರ್ಯವಾಗಲಿಲ್ಲ. ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಟಯರ್ ಅಂಗಡಿ ಇದೆ, ಕಟ್ಟಡ ಅಕ್ಕೋರದು. ಮೂಡಲಗಿಯ ಸಾಲೆಯಲ್ಲಿ ಹೆಡ್‌ಮಾಸ್ತರಿಣಿಯಾಗಿದ್ದು ನಿವೃತ್ತರಾದ ಮೇಲೆ ಅವರು ಮಂದಿಯ ಮನೆಯ ಗುಟ್ಟು ಹುಡುಕುವ ಕೆಲಸ ಹಿಡಿದರು. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗುವ ಕೆಲಸ ನನಗೆ ಗಂಟು ಬಿತ್ತು. ಕಟ್ಟಡದ ಒಡತಿ ಕರೆದಾಗ ಆಗಲ್ಲ ಎನ್ನುವ ಬಾಯಿ ಯಾವ ಬಾಡಿಗೆದಾರನಿಗಿದೆ, ನೀವೇ ಹೇಳಿ.

ಸಂಗತಿ ಇಷ್ಟು: ಮೂಡಲಗಿಯ ಸತ್ತೆಪ್ಪ ಕಾಕಾನ ಸೊಸೆ ಭಾಗ್ಯಾ, ತವರಿನವರು ಕೊಟ್ಟ ಉಣ್ಣೆಯ ಕಾರ್ಪೆಟ್ಟನ್ನು ಮನೆಯಲ್ಲಿ ಬಿಟ್ಟು ತವರೂರು ಅಂಕಲಗಿಗೆ ಹೋಗಿದ್ದಳು. ಮರಳಿ ಬಂದು ನೋಡಿದರೆ ಅದರ ಒಂದು ಮೂಲೆ ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ನೀನೇ ಏನೋ ಹಚ್ಚಿ ಕೆಡಿಸಿ ಹೋಗಿದ್ದೀ ಎಂದಳು ಅತ್ತೆ ದುಂಡವ್ವ. ಸೊಸೆ ಬ್ಯಾಗು ತುಂಬಿದಳು.

ಆ ಬ್ಯಾಗು ಈಗ ಬಾಗಿಲ ಬಳಿ ಇತ್ತು. ಭಾಗ್ಯಾ ಅದರ ಪಕ್ಕದಲ್ಲೇ ನಿಂತಿದ್ದಳು. ಸಂಜೆಯ ಬಸ್ಸು ಬರುವುದರೊಳಗೆ ತನ್ನ ಮೇಲಿನ ಅಪವಾದ ಹೋಗದಿದ್ದರೆ ತವರಿಗೆ ಹೊರಡುವುದೇ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳು ಎಲ್ಲರೆದುರು ಹೇಳಿಯಾಗಿತ್ತು. ಅವಳು ಸುಮ್ಮನೆ ಹೆದರಿಸುವ ಹೆಣ್ಣಲ್ಲ. ಅದು ಗೊತ್ತಿದ್ದೇ ಅವಳ ಗಂಡ ಮುತ್ತಪ್ಪ ಸೋಫಾದ ತುದಿಯಲ್ಲಿ ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ.

ಆ ಕಾರ್ಪೆಟ್ಟನ್ನು ಭಾಗ್ಯಾ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಳು. ಚಪ್ಪಲಿ ಹೊರಗೆ. ಚಹಾ ಅಡುಗೆಮನೆಯಲ್ಲಿ. ಏನಾದರೂ ಚೆಲ್ಲಿದರೆ ಉಜ್ಜಬಾರದು, ಒಣಬಟ್ಟೆ ಒತ್ತಿ ಹೀರಿಸಬೇಕು. ಆಗಾಗ ದಿಕ್ಕು ಬದಲಿಸಿ ಹಾಸಬೇಕು, ಇಲ್ಲವಾದರೆ ತುಳಿದಲ್ಲೇ ತುಳಿದು ಸವೆಯುತ್ತದೆ. ಈ ಕಾಯಿದೆಗಳ ದೆಸೆಯಿಂದ ಸತ್ತೆಪ್ಪ ಕಾಕಾ ತನ್ನ ಸ್ವಂತ ಮನೆಯಲ್ಲಿ ಗೋಡೆ ಹಿಡಿದು ನಡೆಯುವುದನ್ನು ಕಲಿತಿದ್ದ.

"ಸಿಹಿ ಇಲ್ಲ," ಎದ್ದು ಕೂತು ಅಕ್ಕೋರು ಹೇಳಿದರು. "ಇರಿವಿ ಸೈತ ಬಂದಿಲ್ಲ. ಈ ಕಬ್ಬಿನ ಸೀಮ್ಯಾಗ ಬೆಲ್ಲ ಬಿದ್ದಲ್ಲಿ ಇರಿವಿ ಬರದ ಇರತಾವೇನು? ಇದು ಕರದಂಟಿನ ಅಂಟ ಅಲ್ಲ. ಸತ್ತೆಪ್ಪ, ನಿಮ್ಮ ಮ್ಯಾಲಿನ ಸಂಶಯ ಹೋತು."

ಹೋದ ವಾರ ಸೋಫಾದ ಕೆಳಗೆ ಸಿಕ್ಕ ಗೋಕಾಕ ಕರದಂಟಿನ ಚೂರಿನಿಂದಾಗಿ ಕಾಕಾನ ಮೇಲೆ ಎಲ್ಲರ ಕಣ್ಣು ಬಿದ್ದಿತ್ತು. ಸಕ್ಕರೆ ಕಾಯಿಲೆಯವನಿಗೆ ಕದ್ದು ತಿನ್ನುವ ಅಭ್ಯಾಸ ಇರುತ್ತದೆ ಎಂಬುದು ನನ್ನದೇ ತರ್ಕ. ಈಗ ಕಾಕಾನ ಎದೆ ಉಬ್ಬಿತು.

"ನಾ ಮೊದಲ ಹೇಳಿದ್ನೆಲ್ರಿ ಅಕ್ಕೋರ. ಇಲ್ಲೆ ಕುಂತ ಯಾಕ ತಿನ್ನಲಿ? ನಾ ತಿಂದ್ರ ದೇವರ ಮನ್ಯಾಗ ಬಾಗಲಾ ಹಾಕ್ಕೊಂಡ ತಿಂತೇನಿ."

ದುಂಡವ್ವ ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ದೇವರ ಮನ್ಯಾಗ? ದಿನಾ ಅಷ್ಟೊತ್ತು ಪೂಜಿ ಮಾಡೂದು ಇದಕ್ಕೇನು? ಡಾಕ್ಟರ್ ಏನ ಹೇಳ್ಯಾರ ನಿಮಗ?"

"ಡಾಕ್ಟರ್ ದೇವರ ಮನಿ ಸುದ್ದಿ ಏನೂ ತಗದಿಲ್ಲ," ಎಂದ ಕಾಕಾ, ಗೋಡೆಗೆ ಇನ್ನಷ್ಟು ಅಂಟಿಕೊಂಡು.

"ಅದನ್ನ ಆಮ್ಯಾಲ ನೋಡ್ರಿ," ಎಂದು ಅಕ್ಕೋರು ಮತ್ತೆ ಮೂಲೆಗೆ ಬಂದರು. "ರುಚಿ ಒಗರ ಐತಿ. ಬಾಳೇಶ, ಕೈ ಆಡಿಸಿ ನೋಡು. ಏನ ತಿಳಿತು?"

ನೋಡಿದೆ. ಕೆನೆಬಣ್ಣದ ಎಳೆಗಳು ಆ ಮೂಲೆಯಲ್ಲಿ ಮಾತ್ರ ಕಂದಿ, ಎಲ್ಲವೂ ಒಂದೇ ಕಡೆಗೆ ಮಲಗಿದ್ದವು, ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ. ಬೆರಳಿನಿಂದ ತಟ್ಟಿದರೆ ರಟ್ಟಿನ ಸಪ್ಪಳ ಬಂತು.

"ಯಾರೋ ಬಾಚ್ಯಾರ್ರಿ ಅಕ್ಕೋರ."

"ಶಾಣ್ಯಾ. ಚೆಲ್ಲಿದ್ದು ಹಿಂಗ ಸಾಲ ಹಿಡದ ಕುಂದ್ರೂದಿಲ್ಲ. ಇದು ಚೆಲ್ಲಿದ್ದಲ್ಲ, ಕುಂಚ ಹಿಡದ ಹಚ್ಚಿದ್ದು."

"ಸ್ಪ್ರೇ ಇರಬೇಕ್ರಿ," ಎಂದು ಮುತ್ತಪ್ಪ ಅವಸರದಲ್ಲಿ ಬಾಯಿ ಹಾಕಿದ. ಅವನ ಕೈ ಬಲಗಿವಿಯ ಹಾಲೆ ಹಿಡಿದಿತ್ತು. "ಫೋನಿನ್ಯಾಗ ನೋಡಿ ಭಾಗ್ಯಾ ಒಂದ ಬಾಟ್ಲಿ ತರಿಸಿದ್ಲು."

"ಆ ಬಾಟ್ಲಿ ಸೀಲ್ ಸೈತ ಒಡದಿಲ್ಲ," ಎಂದಳು ಭಾಗ್ಯಾ. "ಕಪಾಟಿನ್ಯಾಗ ಐತಿ, ಹೋಗಿ ನೋಡ್ರಿ."

ಅಕ್ಕೋರು ಬಾಟಲಿ ನೋಡಲು ಹೋಗಲಿಲ್ಲ. ಮುತ್ತಪ್ಪನ ಕಿವಿಯನ್ನೇ ನೋಡುತ್ತಿದ್ದರು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಸಿವಾಗಿತ್ತು, ಹಸಿದಾಗ ನನಗೆ ಏನೂ ಹೊಳೆಯುವುದಿಲ್ಲ.

"ಬಾಳೇಶ, ಮುಂಜಾನಿಂದ ಏನ ಗೊಣಗಾಕತ್ತೀ?"

"ಏನಿಲ್ರಿ."

"ಏನಿಲ್ಲ ಅಂದ್ರ ಮಾರಿ ಯಾಕ ಹಂಗ ಮಾಡಿ?"

ಮಂದಿಯ ಮನೆಯಲ್ಲಿ ಕೂತು ಹೇಳುವ ಮಾತಲ್ಲ. ಆದರೂ ಅಕ್ಕೋರು ಕೇಳಿದರೆ ಬಾಯಿ ತಾನೇ ತೆರೆಯುತ್ತದೆ. "ಇಡ್ಲಿಗೆ ಚಟ್ನಿ ಇರಲಿಲ್ರಿ. ಮೊಸರಿನ್ಯಾಗ ಎದ್ದಿ ತಿಂದೆ. ಮಿಕ್ಸರ್ ಕೆಟ್ಟೈತಿ ಅಂದ್ರು."

"ಮಿಕ್ಸರ್ ಕೆಟ್ಟೈತಿ?" ಮರಳಿ ಬಂದಾಗಿನಿಂದ ಸಿಟ್ಟಿಗೆ ಅಡುಗೆಮನೆಗೇ ಕಾಲಿಡದ ಭಾಗ್ಯಾ ಅತ್ತೆಯ ಮುಖ ನೋಡಿದಳು. "ನಾ ಹೋಗುವಾಗ ಚಲೋ ಇತ್ತಲ್ಲ ಅತ್ತಿ."

ದುಂಡವ್ವ ಉತ್ತರ ಕೊಡುವ ಮೊದಲೇ ಅಕ್ಕೋರು ಅಡುಗೆಮನೆಯೊಳಗಿದ್ದರು. ಹಿಟ್ಟಿನ ಡಬ್ಬಿಯ ಹಿಂದೆ ಬಟ್ಟೆ ಸುತ್ತಿ ಇಟ್ಟಿದ್ದ ಮಿಕ್ಸರಿನ ಜಾರು ಹಿಡಿದುಕೊಂಡೇ ಹೊರಗೆ ಬಂದರು. ಒಳಗಿನ ಬ್ಲೇಡು ಮುರಿದಿತ್ತು. ಅದರ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲಿನಂಥ ಒಂದು ಚೂರನ್ನು ಅಕ್ಕೋರು ಪಿನ್ನಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡರು. ಕಂದು ಸಿಪ್ಪೆ, ಒಳಗೆ ಬಿಳಿ.

"ಹುಣಸಿ ಬೀಜ," ಎಂದರು. ಆಮೇಲೆ ಅವರ ದನಿ ಬದಲಾಯಿತು. ಅದು ಸಾಲೆಯ ದನಿ. "ಎಲ್ಲಿ, ಕೈ ತೋರಸ್ರಿ."

ಕೇಳಿದ್ದು ದುಂಡವ್ವನನ್ನು. ಆದರೆ ಮುತ್ತಪ್ಪ ಎಡಗೈ ಚಾಚಿದ, ಸತ್ತೆಪ್ಪ ಕಾಕಾ ಗೋಡೆ ಬಿಟ್ಟು ಕೈ ಚಾಚಿದ, ನೋಡಿದರೆ ನನ್ನ ಕೈಯೂ ಮುಂದೆ ಇತ್ತು. ಚಾಚದೆ ಉಳಿದವಳು ದುಂಡವ್ವ ಒಬ್ಬಳೇ. ಅವಳ ಕೈ ಸೆರಗಿನೊಳಗೆ ಹೋಗಿತ್ತು.

"ದುಂಡವ್ವ."

ಕೈ ಹೊರಗೆ ಬಂತು. ಉಗುರಿನ ಸಂದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು.

"ಹುಣಸಿ ಬೀಜಾ ಹುರದು, ಪುಡಿ ಮಾಡಿ, ಕುದಿಸಿ ಗಂಜಿ ಮಾಡೂದು ಯಾರ ಕೆಲಸಾ?"

"ಕಂಬಳಿ ಮಾಡಾವ್ರದ್ರಿ," ಎಂದಳು ದುಂಡವ್ವ, ಬಹಳ ಸಣ್ಣ ದನಿಯಲ್ಲಿ.

ನಮ್ಮ ಕಡೆ ಇದು ಗೊತ್ತಿಲ್ಲದವರಿಲ್ಲ. ಮಗ್ಗದಿಂದ ಇಳಿದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಹಾಸುತ್ತಾರೆ. ಎಳೆಗಳು ಒಂದಕ್ಕೊಂದು ಕೂಡಿಕೊಂಡು ಬಿಗಿಯಾಗುತ್ತವೆ, ಮಳೆ ಬಂದರೂ ನೀರು ಸುಲಭಕ್ಕೆ ಇಳಿಯುವುದಿಲ್ಲ. ದುಂಡವ್ವನ ತವರಿನಲ್ಲಿ ಅಜ್ಜನ ಕಾಲದಿಂದಲೂ ಕುರಿ, ಉಣ್ಣೆ, ಕಂಬಳಿ. ಹೀಗಿದ್ದೂ ನಾವು ಕರದಂಟಿನ ಬೆನ್ನು ಹತ್ತಿ ಒಂದು ವಾರ ಹಾಳು ಮಾಡಿದ್ದೆವು. ಅಕ್ಕೋರು ಮುಂಚೆಯೇ ನೆಕ್ಕಿದ್ದರೆ ನನ್ನ ಅಂಗಡಿ ಇಷ್ಟು ದಿನ ಮುಚ್ಚುತ್ತಿರಲಿಲ್ಲ.

"ಕಂಬಳಿಗೆ ಹಚ್ಚೂದನ್ನ ಕಾರ್ಪೆಟ್ಟಿಗೆ ಯಾಕ ಹಚ್ಚಿದ್ರಿ?"

"ಉಣ್ಣಿ ಅಲ್ಲೇನ್ರಿ ಅದು?" ದುಂಡವ್ವನ ದನಿ ಸ್ವಲ್ಪ ಏರಿತು. "ಉಣ್ಣಿ ಅಂದಮ್ಯಾಗ ಅದೂ ಕಂಬಳಿನ ಅಲ್ಲೇನ್ರಿ? ಇಕಿ ಅಂಕಲಗಿಗೆ ಹೋದ ಮರುದಿನ ನಾವಿಬ್ರೂ ತ್ವಾಟಕ್ಕ ಹೋಗಿದ್ವಿ. ಸಂಜಿಕ ಬಂದು ಕಸಾ ಹೊಡಿಯಾಕ ಹೋದ್ರ, ಬೆಳ್ಳನ ಎಳಿ ಉದುರಿ ಉಂಡಿ ಉಂಡಿ ಹೊಳ್ಳಾಡಾಕತ್ತಿದ್ವು. ಮರುದಿನಾನೂ ಹಂಗ. ಸೋಫಾದ ಬುಡಕ, ಇವರ ಕಾಲಿಗೆ, ನನ್ನ ಸೀರಿಗೆ, ಎಲ್ಲಿ ನೋಡಿದ್ರೂ ಅವ. ಕಾರ್ಪೆಟ್ಟಿಗೆ ಕೂದಲಾ ಉದರೂ ರೋಗ ಹತ್ತೇತಿ ಅಂತ ನನ್ನ ಜೀವಾ ಹಾರಿ ಹೋತು."

"ಸೊಸಿನ್ನ ಕೇಳಬೇಕಿತ್ತಲ್ಲ?"

"ಏನಂತ ಕೇಳಲ್ರಿ?" ಈಗ ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮಪ್ಪ ಕೊಟ್ಟದ್ದು ನಮ್ಮ ಮನ್ಯಾಗ ಬೋಳಾಗಾಕತ್ತೇತಿ ಅಂತ ಹೇಳಲಿ? ಬೀಗರಿಗೆ ಯಾವ ಮಾರಿ ತೋರಸ್ಲಿ? ಅಕಿ ಬರೂದ್ರಾಗ ಗಟ್ಟಿ ಮಾಡಿ ಇಡೋಣಂತ ಒಂದ ಮೂಲಿಗೆ ಹಚ್ಚಿ ನೋಡಿದ್ನಿ. ಅದು ನೋಡಿದ್ರ ಹಲಗಿ ಆತು. ಆಮ್ಯಾಲ ಅಂಜಿದ್ನಿ. ಅಂಜಿ ಅಕಿ ಮ್ಯಾಲ ಹಾಕಿದ್ನಿ. ಅದ ತಪ್ಪು. ಗಂಜಿ ಹಚ್ಚಿದ್ದಲ್ಲ, ಅಕಿ ಮ್ಯಾಲ ಹಾಕಿದ್ದು ತಪ್ಪು."

ನನಗೆ ದುಂಡವ್ವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸೊಸೆಯ ತವರಿನ ಸಾಮಾನನ್ನು ಸೊಸೆಗಿಂತ ಹೆಚ್ಚಾಗಿ ಕಾಯಲು ಹೋಗಿ ಕೆಡಿಸಿಕೊಂಡ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು. ಪಾಪ ಅನ್ನಿಸಿತು.

ಎಲ್ಲರೂ ಭಾಗ್ಯಾಳನ್ನು ನೋಡಿದರು. ಅವಳು ಬಾಗಿಲು ಬಿಟ್ಟು ಒಳಗೆ ಬಂದು, ಅತ್ತೆಯ ಕೈ ಹಿಡಿದು ಕಂದು ಉಗುರುಗಳನ್ನು ನೋಡಿದಳು.

"ಒಂದ ಫೋನ್ ಮಾಡಿದ್ರ ಹೇಳತಿದ್ನೆಲ್ಲ ಅತ್ತಿ. ಅದು ರೋಗ ಅಲ್ಲ. ಉಣ್ಣಿ ಕಾರ್ಪೆಟ್ ಹೊಸಾದು ಇದ್ದಾಗ ಎಳಿ ಉದರತಾವು. ಮೆತ್ತಗ ವ್ಯಾಕ್ಯೂಮ್ ಹಿಡಕೋತ ಹೋದ್ರ ಕೆಲವು ದಿನಕ್ಕ ತಾನ ಕಡಿಮಿ ಆಕ್ಕೈತಿ. ಈ ಗಂಜಿನೂ ಒದ್ದಿ ಬಟ್ಟಿ ಒತ್ತಿ ಒತ್ತಿ ಬಿಡಸೋಣು. ನಮ್ಮದೂ ಮೊದಲಿಗೆ ಹಿಂಗ ಉದರಿತ್ತಲ್ಲ, ಯುಗಾದಿ ಮುಂದ ನಿಂತ..."

ಅವಳ ಮಾತು ಅಲ್ಲೇ ನಿಂತಿತು.

"ಮುಂದ ಹೇಳು," ಎಂದರು ಅಕ್ಕೋರು. ಅವರು ಆಗಲೇ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಂಡಿದ್ದರು.

"ನಿಂತಿತ್ರಿ ಅಕ್ಕೋರ. ಯುಗಾದಿ ಮುಂದ ಪೂರಾ ನಿಂತಿತ್ತು. ನಿಂತದ್ದು ಮತ್ತ ಹ್ಯಾಂಗ ಉದರಾಕತ್ತು?"

ಬ್ಯಾಗು ಅಲ್ಲೇ ಬಿಟ್ಟು ಭಾಗ್ಯಾ ಮೊಣಕಾಲೂರಿದಳು. ಟಿವಿ ಕಡೆಯ ಮೂಲೆಯನ್ನು ಮಗುಚಿ ಹಿಂಬದಿ ನೋಡಿದಳು. ಕಿಟಕಿ ಕಡೆಯದನ್ನು ಮಗುಚಿದಳು. ಸೋಫಾ ಎತ್ತಿಸಿ ಇನ್ನೊಂದನ್ನು ನೋಡಿದಳು. ಕೊನೆಗೆ ಸೆಟೆದ ಮೂಲೆಯನ್ನು ಎರಡೂ ಕೈಯಿಂದ ಬಗ್ಗಿಸಿದಾಗ ಅದು ಲಟಲಟ ಎಂದಿತು.

"ಇದು ನನ್ನ ಕಾರ್ಪೆಟ್ ಅಲ್ರಿ," ಎಂದಳು.

"ಬಣ್ಣಾ ಅದ, ಹೂವೂ ಅವ," ಎಂದ ಸತ್ತೆಪ್ಪ ಕಾಕಾ.

"ಎಲ್ಲಾ ಅದ ಐತಿ ಮಾವ. ಹೊಲಿಗಿ ಇಲ್ಲ. ನನ್ನದಕ್ಕ ಹಿಂದ ಒಂದ ಮೂಲ್ಯಾಗ ನೀಲಿ ದಾರದ ಹೊಲಿಗಿ ಹಾಕಿದ್ನಿ. ನಮ್ಮಪ್ಪ ಕುರಿಗೆ ಗುರ್ತ ಹಾಕತಾನ, ಹಿಂಡಿನ್ಯಾಗ ಕೂಡಿ ಹೋದ್ರೂ ಸಿಗಲಿ ಅಂತ. ನಾನೂ ಹಂಗ ಹಾಕಿದ್ನಿ."

"ಆ ಗುರ್ತ ಯಾರಿಗೆ ಗೊತ್ತಿತ್ತು?" ಅಕ್ಕೋರು ಕೇಳಿದರು.

"ಯಾರಿಗೂ ಇಲ್ರಿ. ಇವ್ರಿಗೂ ಹೇಳಿಲ್ಲ. ಕಾರ್ಪೆಟ್ಟಿಗೆ ಕುರಿ ಗುರ್ತ ಹಾಕ್ಯಾಳಂತ ನಗತಾರ."

'ಇವ್ರು' ಅಷ್ಟರಲ್ಲಿ ಸೋಫಾದ ತುದಿಯಿಂದ ಎದ್ದು ಹಿತ್ತಲ ಬಾಗಿಲ ಹತ್ತಿರ ತಲುಪಿದ್ದ.

"ಮುತ್ತಪ್ಪ," ಎಂದರು ಅಕ್ಕೋರು, ಹಿಂದೆ ತಿರುಗದೆಯೇ. "ಕಿವಿ ಬಿಟ್ಟು ಇಲ್ಲಿ ಬಾ. ನಾಕನೇ ಕ್ಲಾಸಿನ್ಯಾಗ ಇದ್ದಾಗಿಂದ ಸುಳ್ಳ ಹೇಳುವಾಗ ನಿನಗ ಕಿವಿ ಹಿಡಕೊಳ್ಳೂ ಚಟಾ ಐತಿ. ಇವತ್ತ ಮುಂಜಾನಿಂದ ಒಂದ ಸಲಾನೂ ಬಿಟ್ಟಿಲ್ಲ."

ಮುತ್ತಪ್ಪನ ಕಿವಿ ಕೆಂಪಗಾಗಿತ್ತು. ಬಂದು ಕಾರ್ಪೆಟ್ಟಿನ ಅಂಚಿನಾಚೆ ನಿಂತ. ಅಷ್ಟು ಹೆದರಿಕೆಯಲ್ಲೂ ಅದರ ಮೇಲೆ ಕಾಲಿಡಲಿಲ್ಲ, ಅದು ಭಾಗ್ಯಾ ಕಲಿಸಿದ ಪಾಠ.

"ಅವ್ವ ಅಪ್ಪ ತ್ವಾಟಕ್ಕ ಹೋಗಿದ್ರ್ರಿ. ದೋಸ್ತರು ಬಂದಿದ್ರು. ಟಿವ್ಯಾಗ ಮ್ಯಾಚ್ ಇತ್ತು. ಮಟನ್ ಸಾರಿನ ಬೋಗಾಣಿ..." ಅವನು ಕೈಯಲ್ಲೇ ಬೋಗಾಣಿ ಬೀಳುವುದನ್ನು ತೋರಿಸಿದ.

ಭಾಗ್ಯಾ ಕಣ್ಣು ಮುಚ್ಚಿದಳು. "ಒಣಬಟ್ಟಿ ಒತ್ತಿದ್ರಿ?"

"ಉಜ್ಜಿದ್ನಿ."

"ಉಜ್ಜಿದ್ರಿ."

"ಹೋಗಲಿಲ್ಲ. ಅದಕ್ಕ ಬಟ್ಟಿ ಒಗಿಯೂ ಸಬಕಾರ ಹಚ್ಚಿದ್ನಿ."

"ಅರಿಷಿಣಕ್ಕ ಸಬಕಾರ?"

"ಕೆಂಪಗಾತು," ಎಂದ ಮುತ್ತಪ್ಪ. "ಹಳದಿ ಇದ್ದದ್ದು ಕುಂಕುಮದಂಗ ಕೆಂಪಗಾತು. ನಿಮ್ಮಪ್ಪ ತಗೊಂಡಿದ್ದ ಗೋಕಾಕದ ಅದ ಅಂಗಡಿಗೆ ಹೋಗಿ ಅಂಥಾದ್ದ ಇನ್ನೊಂದ ತಂದು ಹಾಸಿದ್ನಿ. ನಿಂದನ್ನ ಹುಕ್ಕೇರ್ಯಾಗ ಪರಶುರಾಮಗ ಕೊಟ್ಟೇನಿ. ಮದುವಿ ಮಂಟಪದ ಜಮಖಾನಿ ತೊಳಿತಾನ ಅಂವ, ಕೈ ಚಲೋ ಐತಿ. ಅರಿಷಿಣದ ಕಲಿ ಹೋದಕೂಡಲೆ ತಂದು ಹಾಸಿ, ಇದನ್ನ ಸುತ್ತಿಡಾಂವ ಇದ್ದೆ. ಆಣಿ ಮಾಡ್ತೇನಿ."

ಲೆಕ್ಕ ಈಗ ಸರಿಹೋಯಿತು. ಮಗ ಮುಚ್ಚಿಡಲು ಹೊಸದು ತಂದ, ಹೊಸದು ಎಳೆ ಉದುರಿಸಿತು, ಉದುರಿದ್ದು ಕಂಡು ತಾಯಿ ಗಂಜಿ ಹಚ್ಚಿದಳು, ಇಬ್ಬರೂ ಬಾಯಿ ಬಿಡಲಿಲ್ಲ. ನಡುವೆ ಏನೂ ಮಾಡದ ಹುಡುಗಿ ಬ್ಯಾಗು ತುಂಬಿದ್ದಳು.

ಭಾಗ್ಯಾ ಗಂಡನನ್ನು ಬಹಳ ಹೊತ್ತು ನೋಡಿದಳು. ಅತ್ತೆಯನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ತಡೆಯಲು ಹೋದಳು, ಆಗಲಿಲ್ಲ. ಅವಳು ನಕ್ಕದ್ದು ನೋಡಿ ದುಂಡವ್ವನೂ ಅಳು ನಿಲ್ಲಿಸದೆಯೇ ನಗತೊಡಗಿದಳು.

"ನಾ ಎಲ್ಲೂ ಹೋಗೂದಿಲ್ಲ ಅತ್ತಿ," ಎಂದು ಭಾಗ್ಯಾ ಬ್ಯಾಗನ್ನು ಒಳಗೆ ತಂದಿಟ್ಟಳು. "ಇವ್ರಿಗೆ ಮಾತ್ರ ಇನ್ನ ಒಂದ ತಿಂಗಳಾ ಮಟನ್ ಇಲ್ಲ."

"ಆಗಲಿ," ಎಂದ ಮುತ್ತಪ್ಪ. ಶಿಕ್ಷೆಯಾದ ಗಂಡಸಿನ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿಲ್ಲ. ಇನ್ನು ಊಟವಾಗುತ್ತದೆ, ಅಂಗಡಿ ತೆರೆಯಬಹುದು ಎಂದುಕೊಂಡೆ.

ಆಗ ಟೀಪಾಯಿ ಮೇಲಿದ್ದ ಮುತ್ತಪ್ಪನ ಫೋನು ಹೊಡೆದುಕೊಂಡಿತು. ಹತ್ತಿರವಿದ್ದ ಅಕ್ಕೋರು, ಯಾರನ್ನೂ ಕೇಳದೆ, ಸ್ಪೀಕರ್ ಒತ್ತಿದರು.

"ಸಾವ್ಕಾರ್ರ, ಹುಕ್ಕೇರಿಯಿಂದ ಪರಶುರಾಮ್ರಿ. ಹೊತ್ತಾತು, ಒಂದ ಮಾತ ಹೇಳೋಣಂತ ಮಾಡಿದ್ನಿ. ನಿಮ್ಮ ಕಲಿ ಪೂರಾ ಹೋತ್ರಿ. ಬಿಸಲಿಗೆ ಇಟ್ಟಮ್ಯಾಗ ಅರಿಷಿಣ ಎಲ್ಲಿತ್ತಂತ ಗೊತ್ತ ಆಗೂದಿಲ್ಲ."

ಭಾಗ್ಯಾಳ ಮುಖ ಅರಳಿತು. ದುಂಡವ್ವ ಎರಡೂ ಕೈ ಜೋಡಿಸಿ ಫೋನಿಗೇ ನಮಸ್ಕಾರ ಮಾಡಿದಳು.

"ಉಪಕಾರ ಆತು ಪರಶುರಾಮ," ಎಂದ ಮುತ್ತಪ್ಪ. "ನಾಳೆ ಮುಂಜಾನೆ ಬಂದು ಒಯ್ತೇನಿ."

"ಇನ್ನೇನ ಒಯ್ತೀರಿ? ಇವತ್ತ ಮುಂಜಾನೆ ನಿಮ್ಮ ಮನಿಯವ್ರ ಬಂದು ಒಯ್ದ್ರಲ್ಲ."

"ಯಾರು?"

"ನಿಮ್ಮ ಹೆಂಡ್ತಿಯವ್ರಿ. ಮುತ್ತಪ್ಪನ ಹೆಂಡ್ತಿ ಅದೇನಿ ಅಂದ್ರು. ನಾ ಹಂಗ ಕೊಡಾಂವಲ್ಲ ಮತ್ತ. ನಿಮ್ಮದ ಅನ್ನಾಕ ಏನ ಗುರ್ತು ಅಂತ ಕೇಳಿದ್ನಿ. ಹಿಂದ ಮೂಲ್ಯಾಗ ನೀಲಿ ದಾರದ ಹೊಲಿಗಿ ಐತಿ, ಹೊಳ್ಳಿಸಿ ನೋಡು ಅಂದ್ರು. ಹೊಳ್ಳಿಸಿ ನೋಡಿದ್ನಿ, ಇತ್ತು. ಕೊಟ್ಟ ಕಳಿಸಿದ್ನಿ. ಸರಿ ಮಾಡಿದ್ನೆಲ್ರಿ?"

ಮುಂಜಾನೆಯಿಂದ ಭಾಗ್ಯಾ ನಮ್ಮೆಲ್ಲರ ಕಣ್ಣೆದುರು ಆ ಬಾಗಿಲಲ್ಲೇ ನಿಂತಿದ್ದಳು.

ಅಕ್ಕೋರು ಮೊದಲು ನೋಡಿದ್ದು ಮುತ್ತಪ್ಪನ ಕೈಯನ್ನು. ನಾನೂ ನೋಡಿದೆ. ಎರಡೂ ಕೈ ಜೋತು ಬಿದ್ದಿದ್ದವು, ಕಿವಿಯ ಹತ್ತಿರ ಒಂದೂ ಇರಲಿಲ್ಲ. "ನನಗ ಗೊತ್ತಿಲ್ಲ," ಎಂದ ಅವನು, ಹೆಂಡತಿಯ ಕಡೆ ತಿರುಗಿ. "ಖರೇನ ಗೊತ್ತಿಲ್ಲ ಭಾಗ್ಯಾ." ಅವನು ನಿಜವನ್ನೇ ಹೇಳುತ್ತಿದ್ದ. ಅಕ್ಕೋರ ಮುಖದಲ್ಲಿ ಮೊದಲ ಸಲ ನಗುವಿನ ಗೆರೆ ಮಾಯವಾದದ್ದನ್ನು ಕಂಡು ನನ್ನ ಹಸಿವೂ ಹಾರಿಹೋಯಿತು.

ಭಾಗ್ಯಾ ಬ್ಯಾಗನ್ನು ಮತ್ತೆ ಎತ್ತಿಕೊಂಡಳು.

"ಅಂಕಲಗಿಗೆ ಹೋಗಬ್ಯಾಡ ತಂಗಿ," ಎಂದಳು ದುಂಡವ್ವ.

"ಅಂಕಲಗಿಗಲ್ಲ ಅತ್ತಿ. ಹುಕ್ಕೇರಿಗೆ. ನಾನ ಅಂತ ಹೇಳಿ ಹೋದಾಕಿ ಯಾರಂತ ನೋಡಿ ಬರ್ತೇನಿ."

ದುಂಡವ್ವ ಅಂಗಳಕ್ಕೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಹಾಗೇ ಒಳಗೆ ಬಂದಳು. ಎದುರು ಗೋಡೆಯ ಮೊಳೆಗೆ ಅವಳ ಕೈಚೀಲ ತೂಗುತ್ತಿತ್ತು. ಗೋಡೆ ಹಿಡಿದು ಸುತ್ತಿ ಹೋಗಲಿಲ್ಲ. ಚಪ್ಪಲಿ ಕಾಲಲ್ಲೇ ಕಾರ್ಪೆಟ್ಟಿನ ನಟ್ಟನಡುವೆ ನಡೆದು ಹೋಗಿ ಚೀಲ ತೆಗೆದುಕೊಂಡಳು. ಮರಳುವಾಗ ಸೆಟೆದ ಮೂಲೆ ಅವಳ ಕಾಲ ಕೆಳಗೆ ಲಟಕ್ಕೆಂದು ಮುರಿಯಿತು.

ಸತ್ತೆಪ್ಪ ಕಾಕಾ ಉಸಿರು ಹಿಡಿದು ಸೊಸೆಯ ಮುಖ ನೋಡಿದ. ಭಾಗ್ಯಾ ಅತ್ತೆಯ ಚಪ್ಪಲಿ ನೋಡಿದಳು. ತನ್ನ ಚಪ್ಪಲಿಯನ್ನೂ ಮೆಟ್ಟಿ ಬಂದು, ಟೀಪಾಯಿ ಮೇಲಿನ ಗಂಡನ ಫೋನು ತೆಗೆದುಕೊಳ್ಳಲು ಅದೇ ಕಾರ್ಪೆಟ್ಟನ್ನು ತುಳಿದುಕೊಂಡು ಹೋದಳು. ಅದು ಅವಳದಲ್ಲವಲ್ಲ.